ಎಲ್ಲ ಅಳಿಸು

ತೆಕ್ಕಟ್ಟೆಯಲ್ಲಿ ಮೈಕ್ ಸೆಟ್ ಇಟ್ಟುಕೊಂಡವನು ನಾನು. ಕ್ಯಾಸೆಟ್ ಕಾಲದಲ್ಲಿ ಟೇಪು ಸಿಕ್ಕಿಹಾಕಿಕೊಳ್ಳುತ್ತಿತ್ತು. ಈಗ ಲ್ಯಾಪ್‌ಟಾಪಿನ ಪ್ಲೇಲಿಸ್ಟಿನಲ್ಲಿ ನಾನೇ ಸಿಕ್ಕಿಹಾಕಿಕೊಳ್ಳುತ್ತೇನೆ. ಒಂದಾದರೂ ಕಾರ್ಯಕ್ರಮ ಸಸೂತ್ರ ಮುಗಿಯಿತು ಅಂತ ಇಲ್ಲ.

೧. ಹೆಸರು ಮಾತ್ರ

ಕೆರಾಡಿಯಲ್ಲಿ ಗೃಹಪ್ರವೇಶ. ಅವರ ಮನೆಯಲ್ಲೇ ಕಂಪ್ಯೂಟರ್ ಇದೆ ಅಂದದ್ದಕ್ಕೆ ಭಕ್ತಿಗೀತೆಯ ಪ್ಲೇಲಿಸ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಜಂಬದಿಂದ ಹೋದೆ. ಹೆಸರುಗಳೇನೋ ಸಾಲಾಗಿ ಬಂದವು. ಯಾವುದನ್ನು ಒತ್ತಿದರೂ ಸ್ವರವೇ ಇಲ್ಲ! ನಾನು ತಂದದ್ದು ಬರೀ ಪಟ್ಟಿ, ಹಾಡೆಲ್ಲ ತೆಕ್ಕಟ್ಟೆಯಲ್ಲೇ ಉಳಿದಿದೆ ಅಂತ ತಲೆಗೆ ಹೋಗುವಷ್ಟರಲ್ಲಿ ಬೆವರಿಳಿದಿತ್ತು.

ಮನೆಯ ಯಜಮಾನರೇ ಸಮಾಧಾನ ಹೇಳಿದರು: “ಹ್ವಾಯ್, ಬೇಜಾರ್ ಮಾಡ್ಕಣ್ಬೇಡಿ. ನೀವ್ ಹೆಸ್ರ್ ಓದಿ, ನಾವೇ ಹಾಡ್ಕಂತೊ.”

೨. ಸತ್ತ ರಕ್ಕಸ

ಬಿಜೂರಿನ ಒಂದು ಮನೆಯಲ್ಲಿ ಊಟದ ನಂತರ ಯಕ್ಷಗಾನದ ರೆಕಾರ್ಡಿಂಗ್ ಹಾಕಿದೆ. ಅದು ಹನ್ನೊಂದು ತುಂಡು. ಕಂಪ್ಯೂಟರ್ 1 ಆದ ಮೇಲೆ 10 ಹಾಕಿತು, ಆಮೇಲೆ 11, ಆಮೇಲೆ 2. ಯಾಕೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ. ರಕ್ಕಸನನ್ನು ಕೊಂದು ಮಂಗಳವೂ ಹಾಡಿ ಆಯಿತು. ಅಷ್ಟರಲ್ಲಿ ಅವನೇ ಬಂದು ಅಬ್ಬರಿಸತೊಡಗಿದ.

ಕವಳ ಜಗಿಯುತ್ತಿದ್ದ ಅಜ್ಜರೊಬ್ಬರು ನನ್ನನ್ನೇ ಕೇಳಿದರು: “ಎಂತ ಮಾರಾಯ್ರೆ, ಇಂವ ಸತ್ತ್ ಮೇಲೂ ಇಷ್ಟ್ ಮಾತಾಡ್ತ ಅಲೆ!”

೩. ಕನ್ನಡದ ಗುಂಡಿ

ಮುಂಬೈ ಹೋಟೆಲಿನ ಕೆಲಸ ಬಿಟ್ಟು ಬಂದ ನನ್ನ ಹೆಂಡತಿಯ ತಮ್ಮ ಈಗ ನನ್ನ ಜೊತೆಗಿದ್ದಾನೆ. “ಇಂಗ್ಲೀಷ್ ಎಂತಕೆ ಭಾವ?” ಅಂತ ಲ್ಯಾಪ್‌ಟಾಪಿನ ಪರದೆಯ ಗುಂಡಿಗಳನ್ನೆಲ್ಲ ಕನ್ನಡ ಮಾಡಿದವನೇ ಅವನು.

ಬ್ರಹ್ಮಾವರದಲ್ಲಿ ಮದುವೆ. ಹುಡುಗಿಯ ತಾಯಿ ಮೊದಲೇ ಹೇಳಿದ್ದರು: “ಹೆಣ್ಣ್ ಒಪ್ಸು ಹೊತ್ತಿಗೆ ಎಲ್ಲರ್ ಕಣ್ಣಗೂ ನೀರ್ ಬರ್ಕ್. ಇದ್ ಸಮಾ ಆಯ್ರೆ ಸಣ್ಣವ್ಳ ಮದಿಗೂ ನಿಮ್ದೇ ಸೆಟ್ಟ್.” ಎರಡು ಮದುವೆ ಒಟ್ಟಿಗೆ ಸಿಗುವುದೆಂದರೆ ಯಾರಿಗೆ ಆಸೆ ಇಲ್ಲ?

ಶಾಸ್ತ್ರ ಶುರುವಾಯಿತು. ನಾನು ಮಂಟಪದ ಹತ್ತಿರ ಮೈಕ್ ಹಿಡಿದು ನಿಂತು, ಅಳುವ ಹಾಡು ಹಾಕು ಅಂತ ಭಾವಮೈದುನನಿಗೆ ಸನ್ನೆ ಮಾಡಿದೆ. ಇದ್ದ ಸಂಗೀತವೂ ನಿಂತಿತು. ಓಡಿ ಹೋಗಿ ನೋಡಿದರೆ, ವರ್ಷಗಟ್ಟಲೆ ಕೂತು ಜೋಡಿಸಿದ ಪಟ್ಟಿಗಳಲ್ಲಿ ಒಂದೂ ಇಲ್ಲ!

“ಎಂತ ಒತ್ತದ್ದ್ ಮಾರಾಯಾ?”

“ಇಲ್ಲಿ ‘ಎಲ್ಲ ಅಳಿಸು’ ಅಂತ ಇದ್ದಿತ್. ಒತ್ತ್ದೆ. ‘ಖಂಡಿತವಾಗಿ ಎಲ್ಲ ಅಳಿಸಬೇಕೇ?’ ಅಂತ ಕೇಂತ್. ಹೌದ್ ಅಂದೆ. ಹೆಣ್ಣಿನ್ ಅಮ್ಮ ಹೇಳದ್ದ್ ಅದೇ ಅಲ್ದಾ?”

ನನ್ನ ಎದೆ ಒಡೆಯಿತು. ಕೈಯಲ್ಲಿದ್ದ ಮೈಕ್ ಆನ್ ಇದೆ ಅನ್ನುವುದೂ ನೆನಪಿಲ್ಲ. “ಅಯ್ಯೋ! ಎಷ್ಟ್ ವರ್ಷ ಜೋಪಾನ ಮಾಡದ್ದ್! ಒಂದೇ ಗಳ್ಗಿಗೆ ಕೈಬಿಟ್ಟ್ ಹೋಯ್ತಲೆ! ಇನ್ ನಂಗೆ ಎಂತ ಉಳೀತ್!” ಅಂತ ಗೋಳಾಡಿಬಿಟ್ಟೆ.

ಇಡೀ ಹಾಲಿಗೆ ಕೇಳಿತು. ಹುಡುಗಿಯ ಅಪ್ಪ ಮೊದಲು ಬಿಕ್ಕಿದರು, ಆಮೇಲೆ ಅತ್ತೆಯಂದಿರು, ಕೊನೆಗೆ ಗಂಡಿನ ಕಡೆಯವರೂ. ತಾಯಿಯಂತೂ ಸೆರಗಿನಲ್ಲಿ ಮೂಗು ಒರೆಸುತ್ತಾ ಬಂದರು: “ನನ್ ಮನ್ಸಂಗ್ ಇದ್ದದ್ದನ್ನೇ ಹೇಳದ್ರಿ. ಸಣ್ಣವ್ಳ ಮದಿಗೂ ನೀವೇ ಬರ್ಕ್. ಪದ್ಯ ಬ್ಯಾಡ, ಇದನ್ನೇ ಹೇಳ್ಕ್.”

ನಾನು ಕಣ್ಣೀರು ಒರೆಸಿಕೊಳ್ಳುವಾಗ ಭಾವಮೈದುನ ಲ್ಯಾಪ್‌ಟಾಪನ್ನು ಹೆಮ್ಮೆಯಿಂದ ತಟ್ಟಿದ: “ಕಂಡ್ರ್ಯಾ ಭಾವ? ಒತ್ತಿ ಐದ್ ನಿಮಿಷ ಆಯ್ಲಿಲ್ಲ, ಎಲ್ಲ ಅತ್ರ್!”