ಕರಡಿಗೆಗೆ ಬಿದ್ದ ಬೀಗ

ನಮ್ಮವರು ತೀರಿಕೊಳ್ಳುವ ಹಿಂದಿನ ದಿನ ನಮ್ಮಿಬ್ಬರಿಗೂ ಜಗಳವಾಯಿತು. ವಿಶೇಷವೇನಲ್ಲ, ದಿನಾ ಆಗುತ್ತಿತ್ತು. ಕಾರಣ ಬೆಸುಗೆ ಹಾಕುವ ಕೋಲು. ಅದೂ ವಿಶೇಷವಲ್ಲ. ಕೋಲು ಮನೆಗೆ ಬಂದು ಎಂಟು ತಿಂಗಳಾಗಿತ್ತು, ಎಂಟು ತಿಂಗಳೂ ಅದೇ ಕಾರಣ.

ಝಹೀರಾಬಾದಿನ ಸಂತೆಯಲ್ಲಿ ಡಬ್ಬಿ ರಿಪೇರಿಯ ಮುದುಕನೊಬ್ಬ ಕಣ್ಣು ಕಾಣದೆಂದು ಕೆಲಸ ಬಿಟ್ಟ. ಅವನ ಕೋಲನ್ನು ಇವರು ಹೊತ್ತು ತಂದರು. ಮೊಳದುದ್ದ ಕಬ್ಬಿಣದ ಕಂಬಿ, ಒಂದು ಕಡೆ ಕಟ್ಟಿಗೆಯ ಹಿಡಿ, ಇನ್ನೊಂದು ಕಡೆ ತಾಮ್ರದ ಮೂತಿ. ಇದ್ದಿಲಲ್ಲಿ ಕಾಯಿಸಬೇಕು, ನವಸಾಗರದ ಉಪ್ಪುಗಡ್ಡೆಗೆ ತಿಕ್ಕಬೇಕು, ತವರಕ್ಕೆ ಮುಟ್ಟಿಸಬೇಕು. ತವರ ಬೆಣ್ಣೆಯಂತೆ ಕರಗುತ್ತದೆ. ನವಸಾಗರದ ಹೊಗೆಗೆ ಮನೆಮಂದಿಯೆಲ್ಲ ಕೆಮ್ಮುತ್ತಾರೆ. (ಮನೆಮಂದಿ ಎಂದರೆ ನಾನು. ಮಕ್ಕಳಿರಲಿಲ್ಲ. ಎಮ್ಮೆ ಒಂದಿತ್ತು, ಅದೂ ಕೆಮ್ಮುತ್ತಿತ್ತು.)

ಕೊಹೀರಿನ ಅಡತಿ ಅಂಗಡಿಯಲ್ಲಿ ತೊಗರಿ ತೂಗುವುದು ಇವರ ಉದ್ಯೋಗ. ಮನೆಗೆ ಬಂದರೆ ಬೆಸುಗೆಯ ಮಹಾಯಜ್ಞ. ತಾಮ್ರದ ಕೊಡದ ತಳಕ್ಕೆ ಬೆಸುಗೆ ಹಾಕಿದರು. ಕೊಡ ಸೋರುವುದು ನಿಂತಿತು. ಕೊಡ ನಿಲ್ಲುವುದೂ ನಿಂತಿತು, ಗೋಡೆಗೆ ಒರಗಿಸಬೇಕಾಯಿತು. ಕಂದೀಲಿಗೆ ಹಾಕಿದರು. ಎಣ್ಣೆ ಹಾಕುವ ಬಾಯಿಯೇ ಮುಚ್ಚಿಹೋಯಿತು. ಲಡಾಯಿಯ ಕಾಲ, ಎಣ್ಣೆ ಹ್ಯಾಗೂ ಸಿಗುವುದಿಲ್ಲ, ಬಾಯಿದ್ದು ಏನು ಮಾಡುತ್ತೀ ಎಂದರು.

ಇವರಿಗೆ ಬೇಕಾದದ್ದು ಒಂದೇ. ನಾನು ಒಮ್ಮೆ "ಚಲೋ ಆಗ್ಯಾದ" ಅನ್ನಬೇಕು. ನಾನು ಅನ್ನಲಿಲ್ಲ. ಚಲೋ ಆಗಿರಲಿಲ್ಲ.

ಆ ದಿನ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತೆ. ಕೊರಳಲ್ಲಿ ಲಿಂಗ ಇಡುವ ಬೆಳ್ಳಿ ಕರಡಿಗೆ. ಶಿವದಾರ ಪೋಣಿಸುವ ಎರಡು ಕೊಂಡಿಗಳಲ್ಲಿ ಒಂದು ಅದರಿಂದ ಕಿತ್ತು ಕೈಗೆ ಬಂತು. ನಮ್ಮಲ್ಲಿ ಲಿಂಗ ಮೈಬಿಟ್ಟು ಇಳಿಯಬಾರದು. ಪೂಜೆಯಾಗದೆ ಬಾಯಿಗೆ ಏನೂ ಮುಟ್ಟಿಸಬಾರದು. ಪತ್ತಾರ ಪಾಂಡಪ್ಪ ಮದುವೆ ಒಡವೆಯ ಕೆಲಸಕ್ಕೆ ನಾರಾಯಣಖೇಡಕ್ಕೆ ಹೋಗಿದ್ದ.

"ಪತ್ತಾರ ಯಾಕ ಬೇಕು? ನಾ ಏನ್ ಸತ್ತೀನೇನು?" ಎಂದರು ಇವರು.

"ತಡೀರಿ, ಲಿಂಗ ಅರಿವ್ಯಾಗ ಕಟ್ಟಿ ಕೊರಳಿಗಿ ಹಾಕ್ಕೋತೀನಿ. ಕರಡಿಗಿ ಖಾಲಿ ಮಾಡಿ ಕೊಡ್ತೀನಿ."

"ಎರಡು ಮಿಂಟಿನ ಕೆಲಸ. ಕೊರಳಾಗೇ ಇರ್ಲಿ. ಫಿಕರ್ ಮಾಡಬ್ಯಾಡ."

ಎದೆಗೆ ರೊಟ್ಟಿ ಬಡಿಯುವ ಹಲಗೆ ಒತ್ತಿ ಹಿಡಿದೆ. ಅದರ ಮೇಲೆ ಒದ್ದೆ ಅರಿವೆ. ಅರಿವೆಯ ಮೇಲೆ ಕರಡಿಗೆ. ಕೊರಳು ಚಾಚಿ ಕೂತೆ. ಇವರು ಕೆಂಪಗೆ ಕಾದ ಕೋಲು ಹಿಡಿದು ಬಂದರು.

"ಉಸಿರು ಬಿಡಬ್ಯಾಡ."

"ಬಿಡಲಿಲ್ಲಂದ್ರ ಸಾಯ್ತೀನ್ರಿ."

"ಸಣ್ಣಗ ಬಿಡು."

ಚುಂಯ್ ಎಂದಿತು. ಹೊಗೆ ಬಂತು. ನಾನು ಕೆಮ್ಮಿದೆ. ಕೋಲು ಅಲ್ಲಾಡಿತು. ಕೊಂಡಿ ಮಾತ್ರ ಕೂತಿತು, ಜಗ್ಗಿದರೂ ಬರಲಿಲ್ಲ.

"ಈಗರ ಚಲೋ ಆಗ್ಯಾದ ಅನ್ನು."

"ಪೂಜಿ ಮಾಡಿ ಅಂತೀನಿ" ಎಂದು ಮುಚ್ಚಳ ತೆಗೆಯಲು ಹೋದೆ. ಬರಲಿಲ್ಲ. ಹೆಚ್ಚಾದ ತವರ ಹರಿದುಹೋಗಿ ಮುಚ್ಚಳದ ಸಂದಿಯಲ್ಲಿ ಕೂತಿತ್ತು. ಲಿಂಗ ಒಳಗೆ, ನಾನು ಹೊರಗೆ.

"ಇದೇನು ಮಾಡಿಟ್ರಿ!"

"ಮತ್ತೊಮ್ಮಿ ಕಾಯಿಸ್ತೀನಿ, ಬಿಡತದ."

ಕಾಯಿಸಿದರು. ತವರ ಕರಗಿ ಇನ್ನೊಂದು ಬೆರಳಗಲ ಮುಂದೆ ಹೋಗಿ ಕೂತಿತು. ಮೂರನೆಯ ಸಲಕ್ಕೆ ನಾನೇ ಬೇಡ ಎಂದೆ. ಎದ್ದು ಒಲೆಯ ಮೇಲಿನ ಸಾರು ನೋಡಿ ಬಂದೆ.

ಆಗ ಪಕ್ಕದ ಮನೆಯ ಶರಣಬಸಮ್ಮ ಕೆಂಡ ಕೇಳಲು ಬಂದಳು. ನನಗಿಂತ ದೊಡ್ಡವಳು, ಊರಿನ ಮಡಿಯೆಲ್ಲ ತನ್ನ ತಲೆಯ ಮೇಲೆಯೇ ನಿಂತಿದೆ ಎಂದು ತಿಳಿದವಳು.

"ಏನಾತು ತಂಗಿ, ಮಾರಿ ಸಣ್ಣದ್ ಆಗ್ಯಾದ?"

"ಕರಡಿಗಿಗಿ ಬೀಗ ಬಿದ್ದದ ಅಕ್ಕಾ."

"ಯವ್ವಾ! ಬೀಗ ಯಾರ್ ಹಾಕಿದ್ರು?"

ನಾನು ಇವರ ಕಡೆ ನೋಡಿದೆ. ಇವರು ಎಮ್ಮೆಯ ಕಡೆ ನೋಡಿದರು.

"ಪೂಜಿ ಆಗಲಾರದ ನಾಲಗಿಗಿ ಏನರ ಹಚ್ಚೀದಿ, ನೋಡು ಮತ್ತ!" ಎಂದಳು. ಕೆಂಡ ತೆಗೆದುಕೊಂಡು ಹೋದಳು. ಮಧ್ಯಾಹ್ನದೊಳಗೆ ಸುದ್ದಿ ಇಡೀ ಕೊಹೀರಿಗೆ ಮುಟ್ಟಿತು.

ಇವರು ಅಂಗಡಿಗೆ ಹೋಗಲಿಲ್ಲ. ರೊಟ್ಟಿ ಬಡಿದು ಮುಂದಿಟ್ಟೆ.

"ಉಣ್ರಿ."

"ನೀ ಉಣ್ಣೂತನಾ ನಾ ಉಣ್ಣಂಗಿಲ್ಲ."

"ಮಾಡೂದೆಲ್ಲ ಮಾಡಿ ಈಗ ಉಪಾಸ ಬ್ಯಾರೆ! ನೀವು ಉಣ್ಣಲಿಲ್ಲಂದ್ರ ಮುಚ್ಚಳ ತೆಗೀತದೇನು?"

"ತೆಗ್ಯಾಂಗಿಲ್ಲ. ಆದ್ರೂ ಉಣ್ಣಂಗಿಲ್ಲ."

ನಾನು ಬೈದೆ. ಕೊಡ ತೆಗೆದು ಬೈದೆ, ಕಂದೀಲು ತೆಗೆದು ಬೈದೆ. ನಿಮ್ಮಿಂದ ನನ್ನ ನೇಮ ಕೆಡುತ್ತದೆ, ಹುಟ್ಟಿದಾಗಿನಿಂದ ಒಂದು ದಿನವೂ ಪೂಜೆ ಬಿಟ್ಟು ಬಾಯಿಗೆ ಏನೂ ಹಾಕಿದವಳಲ್ಲ ಎಂದೆ. ಇವರು ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡರು. ಒಮ್ಮೆ ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. (ತಪ್ಪಿತಸ್ಥರು, ಏನು ಹೇಳಿಯಾರು ಎಂದುಕೊಂಡೆ.)

ಹೊತ್ತು ಇಳಿಯಿತು. ರೊಟ್ಟಿ ಚಪ್ಪಲಿಯಂತಾಯಿತು. ಹೊಟ್ಟೆ ಉರಿಯುವಾಗ ನನಗೆ ಬುದ್ಧಿ ಬಂತು. ಚೆಲ್ಲಿದ ತುಪ್ಪ ಬಿಸಿ ಇದ್ದಾಗ ಒರೆಸಿದರೆ ಹೋಗುತ್ತದೆ, ತವರವೂ ಹೋಗಬೇಕಲ್ಲ?

"ನೀವು ಕೋಲು ಹಿಡೀರಿ. ಕರಗಿದ ಕೂಡ್ಲೆ ನಾ ಅರಿವಿಲೆ ಒರಸ್ತೀನಿ."

ಹಾಗೇ ಮಾಡಿದೆವು. ಎರಡು ಬೆರಳು ಸುಟ್ಟುಕೊಂಡೆ. ತವರ ಅರಿವೆಗೆ ಬಂತು. ಟಕ್ ಎಂದು ಮುಚ್ಚಳ ತೆರೆದುಕೊಂಡಿತು. ಲಿಂಗಕ್ಕೆ ಏನೂ ಆಗಿರಲಿಲ್ಲ. ಮುಖ ತೊಳೆದು ಪೂಜೆ ಮಾಡಿದೆ. ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಬುದ್ಧಿ ಯಾರ್ದು?"

"ನಿನ್ನದೇ."

"ನೇಮ ಉಳಿಸ್ದವ್ರು ಯಾರು?"

ಇವರು ರೊಟ್ಟಿ ಮುರಿದರು. ಸಾರಿಗೆ ಅದ್ದಿದರು. ಬಾಯಿಗೆ ಹಾಕಿ ಅಗಿದರು.

"ಉಪ್ಪು ಸರಿ ಅದ" ಎಂದರು. "ಮುಂಜಾನಿ ನೀ ಅಂಗೈ ಮ್ಯಾಲ ಹಾಕ್ಕೊಂಡು ನೆಕ್ಕಿ ನೋಡ್ದಿ ಅಲ್ಲ, ಆವಾಗೂ ಸರಿ ಇತ್ತೇನು?"

ನನ್ನ ಅಂಗೈ ನೋಡಿಕೊಂಡೆ. ಹೌದು, ನೆಕ್ಕಿ ನೋಡಿದ್ದೆ. ಸಾರು ಕುದಿಯುವಾಗ ಕೈ ತಾನೇ ಹೋಗುತ್ತದೆ, ಪೂಜೆಯಾಗಿಲ್ಲ ಎಂದು ಕೈಗೇನು ಗೊತ್ತು. ಶರಣಬಸಮ್ಮ ಬರುವ ಮುಂಚೆಯೇ ನೇಮ ಮುರಿದಿತ್ತು. ಇವರು ನೋಡಿದ್ದರು. ಶರಣಬಸಮ್ಮನ ಮುಂದೆ ಹೇಳಲಿಲ್ಲ. ಸಂಜೆಯವರೆಗೆ ಉಪವಾಸ ಕೂತು ಬೈಸಿಕೊಂಡರು.

"ಆವಾಗೇ ಹೇಳೂದಲ್ಲೇನ್ರಿ!"

"ಹೇಳಿದ್ರ ದಿನಪೂರ್ತಿ ಅಳ್ತಿದ್ದಿ. ಬೈಯೂದೇ ಚಲೋ."

ಮರುದಿನ ಬೆಳಿಗ್ಗೆ ಹೊಟ್ಟೆ ತುಂಬ ಉಂಡು, ತೊಗರಿಯ ಚೀಲಗಳ ಜೊತೆ ನಿಜಾಮರ ರೈಲು ಹತ್ತಿ ತಾಂಡೂರಿಗೆ ಹೋದರು. ಅಲ್ಲಿ ಚೀಲ ಇಳಿಸುವಾಗ ಎದೆ ಹಿಡಿದುಕೊಂಡು ಚೀಲದ ಮೇಲೆಯೇ ಕೂತರಂತೆ. ಏಳಲಿಲ್ಲ.

ಕೋಲು ಗೂಟಕ್ಕೆ ತೂಗುಹಾಕಿದ್ದೇನೆ. ಕೊಡ ಇನ್ನೂ ಗೋಡೆಗೆ ಒರಗಿದೆ. ನಾಲ್ಕು ವರ್ಷವಾಯಿತು, ಕರಡಿಗೆಯ ಕೊಂಡಿ ಅಲ್ಲಾಡಿಲ್ಲ. ಮುಚ್ಚಳದ ಸಂದಿಯಲ್ಲಿ ಮಾತ್ರ ಒಂದು ತವರದ ಹನಿ ಉಳಿದಿದೆ. ಅದರಿಂದ ಮುಚ್ಚಳ ಹಿಡಿಯುತ್ತದೆ. ಪಾಂಡಪ್ಪ ಕಂಡಾಗ "ಅರ ಹಾಕಿ ತಿಕ್ಕಿ ತೆಗೆದು ಕೊಡ್ಲೇನವ್ವಾ?" ಎಂದ.

"ಮುಟ್ಟಬ್ಯಾಡಪ್ಪಾ" ಎಂದೆ.

ದಿನಾ ಬೆಳಿಗ್ಗೆ ಸ್ನಾನ ಮಾಡಿ ಕೂಡುತ್ತೇನೆ. ಉಗುರು ಹಾಕುತ್ತೇನೆ, ಮುಚ್ಚಳ ಬರುವುದಿಲ್ಲ. ಅಂಗೈಗೆ ಮೂರು ಸಲ ತಟ್ಟುತ್ತೇನೆ, ಬರುವುದಿಲ್ಲ. ಇವರನ್ನು ಬೈಯುತ್ತೇನೆ. ಆಗ ಬರುತ್ತದೆ.