ಶಶಾಂಕನ ನೆಟ್ಟಗಿನ ಗೆರೆ

ಎಲ್ಲ ರಗಳೆಗೂ ಕಾರಣ ತಾರಸಿಯ ಮೇಲೆ ಕವುಚಿದ ಬೋಗುಣಿಯಂತೆ ಕೂತಿದ್ದ ಒಂದು ಬಿಳಿ ಆಂಟೆನಾ. ಸಿದ್ದಾಪುರದಲ್ಲಿ ಭೌತಶಾಸ್ತ್ರ ಹೇಳಿಕೊಡುವ ಶಶಾಂಕ ಮೂರು ವರ್ಷ ಅರ್ಜಿ ಹಾಕಿ ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಿಂದ ಅದನ್ನು ತರಿಸಿಕೊಂಡಿದ್ದ. ಉಪಗ್ರಹದ ಸಂಕೇತ ಆಕಾಶದೆತ್ತರದ ಅಯಾನುಗೋಳವೆಂಬ ವಿದ್ಯುತ್ಕಣಗಳ ಪದರ ದಾಟಿ ಬರುವಾಗ ಏನಾಗುತ್ತದೆಂದು ನೋಡುವ ಯಂತ್ರ. ಮೊದಲ ದಿನ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಪರೀಕ್ಷೆ. ಪಾಸಾದರೆ ಯಂತ್ರ ಶಶಾಂಕನಿಗೆ, ಇಲ್ಲವಾದರೆ ಯಲ್ಲಾಪುರದ ಗಿರೀಶ ಮೇಷ್ಟ್ರಿಗೆ. ಅವರು ಆಗಲೇ ಕಪಾಟು ಖಾಲಿ ಮಾಡಿಟ್ಟಿದ್ದರಂತೆ.

ಸಂಸ್ಥೆಯ ಸೌಮ್ಯ ಮೇಡಂ ಹೇಳಿದ್ದು ಒಂದೇ ಮಾತು: "ಏನೇ ಆದ್ರೂ ಆಫ್ ಮಾಡ್ಬೇಡಿ." ಸಂಕೇತ ತೋರಿಸುವ ಲ್ಯಾಪ್‌ಟಾಪಿನ ಗೆರೆ ನೆಟ್ಟಗಿರಬೇಕು ಎಂಬುದು ಮಾತ್ರ ಶಶಾಂಕನ ಸ್ವಂತ ಸೇರ್ಪಡೆ. ಹದಿನೈದು ವರ್ಷ ಪ್ರಾಕ್ಟಿಕಲ್ ಜರ್ನಲ್ ತಿದ್ದಿದವನು ಪಾಪ, ಗೆರೆ ವಕ್ರವಾದರೆ ಅಂಕ ಕತ್ತರಿಸುವುದೊಂದೇ ಅವನಿಗೆ ಗೊತ್ತು.

ಹತ್ತಕ್ಕೆ ಗೆರೆ ಕುಣಿಯಿತು. ತಾರಸಿಗೆ ಓಡಿದರೆ, ಮನೆ ಮಾಲಕಿ ಪರಿಮಳಕ್ಕ ಆಂಟೆನಾದ ಸುತ್ತ ಹಲಸಿನ ಹಪ್ಪಳ ಹರವಿ, ಕಾಗೆ ಬಾರದಿರಲೆಂದು ಅದರ ನೆತ್ತಿಗೆ ಸ್ಟೀಲ್ ತಾಟು ಕಟ್ಟುತ್ತಿದ್ದಾಳೆ!

"ಅಯ್ಯೋ ಪರಿಮಳಕ್ಕಾ, ಎಂತ ಇದು! ತೆಗಿ, ತೆಗಿ!"

"ಆನು ನಿನ್ನ ಬೋಗುಣಿಗೆ ಎಂತೂ ಮಾಡಿದ್ನಿಲ್ಲೆ ತಮಾ. ಬಿಸಿಲು ನಿಂಗೊಬ್ಬಂಗೇ ಬಂದಿದ್ದಾ?"

ತಾಟು ಬಿಚ್ಚಿಸಿ ಗೆರೆ ನೆಟ್ಟಗಾದರೂ ಮಧ್ಯಾಹ್ನ ಮತ್ತೆ ಕುಣಿತ. ಈ ಸಲ ಎದುರು ಮನೆಯ ವೀರಪ್ಪ. ಹಾವೇರಿ ಕಡೆಯಿಂದ ಬಂದು ಊರಿಗೆಲ್ಲ ಟಿವಿ ಡಿಶ್ ಕೂರಿಸಿದವನು, ಪಾನಾ ಹಿಡಿದು ಆಂಟೆನಾ ವಾಲಿಸುತ್ತಿದ್ದ.

"ಯಾರ್ರೀ ಸರ ಇದನ್ನ ಹಿಂಗ ಇಟ್ಟವ್ರು? ಸ್ವಲ್ಪ ತಿರುವಿದ್ರ ಕುಸ್ತಿ ಚಾನೆಲ್ ಸೈತ ಬರ್ತೈತಿ ನೋಡ್ರಿ!"

ಶಶಾಂಕನಿಗೆ ಅಳುವೇ ಬಂತು. ಆಂಟೆನಾ ಸರಿಮಾಡಿ, ವೀರಪ್ಪನಿಗೂ ಹಪ್ಪಳ ಕಾಯುತ್ತಿದ್ದ ಪರಿಮಳಕ್ಕನಿಗೂ ಕೈಮುಗಿದು ಕೆಳಗಿಳಿಸಿ, ತಾರಸಿಗೆ ಬೀಗ ಜಡಿದು ಕೀಲಿ ಜೇಬಿಗಿಳಿಸಿದ. ಹಪ್ಪಳ ಮೇಲೆಯೇ ಉಳಿಯಿತು. ಗೆರೆ ನೆಟ್ಟಗಾಯಿತು.

ಏಳೂವರೆಗೆ ಅದು ಹುಚ್ಚೆದ್ದು ಕುಣಿಯತೊಡಗಿತು. ತಾರಸಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಪರಿಮಳಕ್ಕನ ಮಿಕ್ಸಿ ನಿಲ್ಲಿಸಿದ, ವೀರಪ್ಪನ ಟಿವಿ ಆರಿಸಿದ. ಕುಣಿತ ನಿಲ್ಲಲಿಲ್ಲ. ಇದನ್ನು ಮೇಡಂ ನೋಡಿದರೆ ಯಂತ್ರ ಯಲ್ಲಾಪುರಕ್ಕೆ ಹೋದಂತೆಯೇ! ಶಶಾಂಕ ಯಂತ್ರವನ್ನೇ ಆಫ್ ಮಾಡಿ, ಕುಣಿದ ಭಾಗವನ್ನೆಲ್ಲ ಅಳಿಸಿ, ಉಳಿದ ನೆಟ್ಟಗಿನ ಗೆರೆಯನ್ನು ಕಳಿಸಿಬಿಟ್ಟ.

ಎಂಟಕ್ಕೆ ಸರಿಯಾಗಿ ಸೌಮ್ಯ ಮೇಡಂ ಫೋನು.

"ಶಶಾಂಕ್, ನೋಡಿದ್ರಾ? ಏಳೂವರೆಗೆ ಅಯಾನುಗೋಳ ಅಲ್ಲಾಡಿಬಿಡ್ತು! ಇದನ್ನ ಹಿಡಿಯೋಕೇ ಅಲ್ವಾ ಆ ಯಂತ್ರ ಇರೋದು! ನಿಮ್ಮಲ್ಲಿ ಗೆರೆ ಕುಣೀತಾ?"

"ಸಿಕ್ಕಾಪಟ್ಟೆ ಕುಣೀತು ಮೇಡಂ... ಅದಕ್ಕೇ ಅಳಿಸಿಬಿಟ್ಟೆ."

ಆ ಕಡೆ ಪೆನ್ನು ತಡಕುವ ಸದ್ದು. ಆಮೇಲೆ, "ಗಿರೀಶ್ ಸರ್ ನಂಬರ್ ಕೊಡ್ತೀರಾ?"

ನಂಬರ್ ಕೊಟ್ಟು ತಿರುಗಿದರೆ ಬಾಗಿಲಲ್ಲಿ ಪರಿಮಳಕ್ಕ ಕೈ ಚಾಚಿ ನಿಂತಿದ್ದಳು.

"ಕೀಲಿ ಕೊಡು ತಮಾ, ಹಪ್ಪಳ ಮೆತ್ತಗಾಗ್ತು. ಬೋಗುಣಿ ಹ್ಯಾಂಗೂ ಯಲ್ಲಾಪುರಕ್ಕೆ ಹೋಗ್ತು ಅಲ್ದಾ? ಗಿರೀಶ ಮೇಷ್ಟ್ರಿಗೂ ಆನು ನಾಕು ಹಪ್ಪಳ ಕಟ್ಟಿ ಕೊಡ್ತಿ."