ಮೂಗಿನ ಸಾಕ್ಷಿ

ದೊಡ್ಡ ಸಾಹೇಬರ ಕೈಗಡಿಯಾರ ಕಳೆದುಹೋದದ್ದಕ್ಕೂ ನಕ್ಷೆಗಾರನಿಗೂ ಯಾವ ಸಂಬಂಧವೂ ಇರಲಿಲ್ಲ. ಕಟ್ಟಡಗಳ ನಕ್ಷೆ ತಯಾರಿಸುವ ಆ ಆಫೀಸಿನಿಂದ ಒಂದು ಪೆನ್ಸಿಲ್ ತುಂಡನ್ನೂ ಮನೆಗೆ ಒಯ್ದವನಲ್ಲ ಅವನು. ಆದರೆ ಗಡಿಯಾರ ಸಾಹೇಬರ ಮಾವ ಮದುವೆಯಲ್ಲಿ ಕೊಟ್ಟದ್ದು. ಅದಿಲ್ಲದೆ ಮನೆಗೆ ಹೋಗುವ ಧೈರ್ಯ ಅವರಿಗಿರಲಿಲ್ಲ. ಮೇಜು, ಕಪಾಟು, ಕಸದ ಬುಟ್ಟಿ ಎಲ್ಲ ತಡಕಿದ ಮೇಲೆ, ಯಾರೂ ಹೊರಗೆ ಹೋಗಕೂಡದೆಂದು ಬಾಗಿಲು ಹಾಕಿಸಿ, ನಾಯಿ ತರಿಸುವಂತೆ ಟೈಪಿಸ್ಟ್ ಅಕ್ಕನಿಗೆ ಅಪ್ಪಣೆ ಕೊಟ್ಟರು. ಅಕ್ಕ ಎಲ್ಲೆಲ್ಲಿಗೋ ಫೋನ್ ಮಾಡಿ, ಬಾಡಿಗೆಗೆ ನಾಯಿ ಕಳಿಸುವವರೊಬ್ಬರನ್ನು ಹಿಡಿದಳು.

ಬಂದದ್ದು ಜೋಲು ಕಿವಿಯ, ನಿವೃತ್ತ ಮೇಷ್ಟರ ಮುಖದ ನಾಯಿ. ಅದರ ಹಗ್ಗ ಹಿಡಿದವನು ಕೇಳಿದ್ದಕ್ಕಷ್ಟೇ ಬಾಯಿ ಬಿಡುವ ಮನುಷ್ಯ. ಸಾಹೇಬರು ಗಡಿಯಾರದ ಖಾಲಿ ಡಬ್ಬಿಯನ್ನು ನಾಯಿಯ ಮೂಗಿಗೆ ಹಿಡಿದರು. ಅದು ಮರ್ಯಾದೆಗೆಂಬಂತೆ ಒಮ್ಮೆ ಮೂಸಿ, ಮುಖ ತಿರುಗಿಸಿ, ಮೇಜುಗಳ ಸಾಲು ದಾಟಿ ಬಂದು ನಕ್ಷೆಗಾರನ ಮುಂದೆ ಕೂತುಬಿಟ್ಟಿತು.

ನಕ್ಷೆಗಾರ ಎದ್ದು ಕಿಟಕಿಯ ಬಳಿ ಹೋದ. ನಾಯಿಯೂ ಹೋಗಿ ಅಲ್ಲೇ ಕೂತಿತು.

ಸ್ಟೋರ್ ಕೀಪರ್‌ಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ನಾಯಿಗೆ ಲೋಕವೆಲ್ಲ ಮೂಗಿನಲ್ಲೇ ಕಾಣುತ್ತದೆ, ಸೋಪು ಹಾಕಿ ತೊಳೆದ ಕೈಯನ್ನೂ ಅದು ಬಿಡುವುದಿಲ್ಲ, ಹೆದರಿದವನ ಬೆವರಿಗೆ ಬೇರೆಯದೇ ವಾಸನೆ ಎಂದು ಅವನು ವಿವರಿಸುತ್ತ ಹೋದಂತೆ ಎಲ್ಲರ ಕಣ್ಣೂ ನಕ್ಷೆಗಾರನ ಹಣೆಯ ಮೇಲೆ ನೆಟ್ಟವು. ಹಣೆ ಒದ್ದೆಯಾಗಿತ್ತು.

"ನಾನು ಹೆದರಿಲ್ಲ. ನಂಗೆ ಸಿಟ್ಟು ಬಂದಿದೆ," ಎಂದ ನಕ್ಷೆಗಾರ.

"ನಾಯಿಗೆ ಎರಡೂ ಒಂದೇ ಇರಬಹುದಪ್ಪ," ಎಂದ ಸ್ಟೋರ್ ಕೀಪರ್.

ಚೀಲ ಸುರಿದರು, ಡ್ರಾಯರ್ ಎಳೆದರು. ಶೂ ಬಿಚ್ಚಿಸಿದರು. ಕಾಲುಚೀಲದ ತೂತಿನಿಂದ ಹೊರಗಿಣುಕಿದ ಹೆಬ್ಬೆರಳನ್ನು ಟೈಪಿಸ್ಟ್ ಅಕ್ಕ ಅನುಕಂಪದಿಂದ ನೋಡಿ, ಮನೇಲಿ ಕಷ್ಟ ಇದ್ದಿದ್ರೆ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದಳು. ಕಳ್ಳನೆಂದರೂ ತಡೆದುಕೊಂಡಿದ್ದ ನಕ್ಷೆಗಾರನಿಗೆ ಈ ಕನಿಕರ ತಡೆಯಲಾಗಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಸಾಹೇಬರ ಹೆಂಡತಿಯ ಫೋನ್ ಬಂತು. ಗಡಿಯಾರ ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿತ್ತಂತೆ. ಆಚೆಯಿಂದ ಬಂದ ಉಳಿದ ಮಾತುಗಳನ್ನೆಲ್ಲ ಸಾಹೇಬರು ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡರು. ಆಮೇಲೆ ನಕ್ಷೆಗಾರನ ಹೆಗಲ ಮೇಲೆ ಕೈಯಿಟ್ಟು, ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಸ್ಟೋರ್ ಕೀಪರ್ ತಾನೇ ಬಗ್ಗಿ ಶೂ ತಂದಿಟ್ಟ. ಟೈಪಿಸ್ಟ್ ಅಕ್ಕ ಚಹಾ ತರಿಸಿದಳು.

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ನಾಯಿ ಇನ್ನೂ ಅವನ ಮುಂದೆಯೇ ಕೂತಿತ್ತು. ಅದನ್ನು ಕಂಡು ನಕ್ಷೆಗಾರನ ಸಿಟ್ಟು ಮತ್ತೆ ನೆತ್ತಿಗೇರಿತು. ಮನುಷ್ಯರು ಕ್ಷಮೆ ಕೇಳಿದ್ದಾಯಿತು, ಈ ನಾಯಿಯದೇನು? ಮಾನವಂತನೊಬ್ಬನನ್ನು ಎಲ್ಲರೆದುರು ಕಳ್ಳನನ್ನಾಗಿ ಮಾಡಿದ ಈ ಮೂಗಿಗೆ ಬೆಲೆ ಏನು? ಅವನು ಹಗ್ಗದವನತ್ತ ಬೆರಳು ತೋರಿಸಿ, ನಿಮ್ಮ ನಾಯಿ ಸುಳ್ಳು ಹೇಳಿತೆಂದು ಎಲ್ಲರ ಮುಂದೆ ಒಪ್ಪಿಕೊಳ್ಳಲೇಬೇಕೆಂದು ಪಟ್ಟು ಹಿಡಿದ.

ಹಗ್ಗದವನು ನಿಧಾನವಾಗಿ ತಲೆ ಅಲ್ಲಾಡಿಸಿದ. "ಇದು ಸುಳ್ಳು ಹೇಳಲ್ಲ ಸಾರ್. ಕಳ್ಳತನ ಅಂತ ನಂಗೆ ಯಾರೂ ಹೇಳ್ಲಿಲ್ಲ. ಫೋನಲ್ಲಿ ನಾಯಿ ಬೇಕು ಅಂದ್ರು, ಕರ್ಕೊಂಡು ಬಂದೆ. ಕಳ್ಳರನ್ನ ಹಿಡಿಯೋ ನಾಯಿ ಅಲ್ಲ ಇದು."

"ಮತ್ತೆ ಏನು ಹಿಡಿಯೋದು?"

"ತಿಗಣೆ," ಎಂದ ಅವನು. ಆಮೇಲೆ ಬಹಳ ಕಾಳಜಿಯಿಂದ ಕೇಳಿದ: "ರಾತ್ರಿ ನಿದ್ದೆ ಬರುತ್ತಾ ಸಾರ್ ನಿಮಗೆ?"

ಸಾಹೇಬರು ಹೆಗಲ ಮೇಲಿದ್ದ ಕೈಯನ್ನು ತೆಗೆದು, ತೋಳನ್ನು ಜಾಡಿಸಿಕೊಂಡರು. ಸ್ಟೋರ್ ಕೀಪರ್ ಶೂ ಮುಟ್ಟಿದ ಬೆರಳುಗಳನ್ನು ದೂರ ಹಿಡಿದುಕೊಂಡೇ ಬಾಗಿಲಿನತ್ತ ಸರಿದ. ಅಕ್ಕ ಸೀರೆಯ ನೆರಿಗೆ ಒದರುತ್ತ ಅವನ ಹಿಂದೆಯೇ ಓಡಿದಳು. ಕಳ್ಳನೆಂದಾಗ ಸುತ್ತ ಮುತ್ತಿಕೊಂಡು ಒಬ್ಬರೂ ಕದಲದಿದ್ದ ಆಫೀಸು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಖಾಲಿಯಾಯಿತು.

ನಕ್ಷೆಗಾರನಿಗೆ ಬೆನ್ನಿನಲ್ಲಿ ಎಲ್ಲೋ ತುರಿಸತೊಡಗಿತು. ತುರಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿ ನಿಂತ. ಕಿಟಕಿಯ ಹೊರಗೆ ನಿಂತು ಎಲ್ಲರೂ ನೋಡುತ್ತಿದ್ದರು.